ಹಸಿರು ದೀಪಕ್ಕೆ ಅತ್ತೆಯ ಕಾವಲು

ಎಂಜಿನಿಯರಿಂಗ್ ಕಾಲೇಜಿನಲ್ಲಿ ನನಗೆ ಕಲಿಸಿದ್ದನ್ನೆಲ್ಲ ಸೋಸಿ ಹಿಂಡಿದರೆ ಕೊನೆಗೆ ಉಳಿಯುವ ವಿದ್ಯೆ ಒಂದೇ: ಆಫ್ ಮಾಡಿ ಆನ್ ಮಾಡುವುದು. ಹೀಗೆ ಬಹಿರಂಗವಾಗಿ ಒಪ್ಪಿಕೊಂಡದ್ದು ಗೊತ್ತಾದರೆ ನಮ್ಮ ಕಸುಬಿನವರು ನನ್ನನ್ನು ಪಂಕ್ತಿಯಿಂದ ಎಬ್ಬಿಸುತ್ತಾರೆ. ಆದರೂ ಇದ್ದದ್ದನ್ನು ಹೇಳಲೇಬೇಕು. ವೈದ್ಯರಾದವರು ನಾಲಗೆ ನೋಡಬೇಕು, ನಾಡಿ ಹಿಡಿಯಬೇಕು, ಒಂದೊಂದು ರೋಗಕ್ಕೆ ಒಂದೊಂದು ಗುಳಿಗೆಯ ಹೆಸರು ನೆನಪಿಟ್ಟುಕೊಳ್ಳಬೇಕು. ವಕೀಲರು ದಪ್ಪ ದಪ್ಪ ಪುಸ್ತಕ ತಿರುವಿಹಾಕಬೇಕು. ಜ್ಯೋತಿಷಿಗಳಿಗೂ ಸುಖವಿಲ್ಲ, ಪಾಪ, ಶನಿ ಎಲ್ಲಿದ್ದಾನೆ ಎಂದು ಬೆರಳು ಮಡಚಿ ಎಣಿಸಬೇಕು. ನಮಗೆ ಆ ತಾಪತ್ರಯವೇ ಇಲ್ಲ. ಯಂತ್ರ ಮುನಿಸಿಕೊಂಡರೆ ಅದರ ಕರೆಂಟು ಕಿತ್ತು, ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಕೊಡುವುದು. ನಮ್ಮ ಪಾಂಡಿತ್ಯವೆಲ್ಲ ಇರುವುದು ಆ ನಡುವಿನ ‘ಸ್ವಲ್ಪ ಹೊತ್ತಿ’ನಲ್ಲಿ. ಆಗ ಹುಬ್ಬು ಗಂಟಿಕ್ಕಿಕೊಂಡು, ಗದ್ದಕ್ಕೆ ಕೈ ಹಚ್ಚಿ, ಲ್ಯಾಪ್‌ಟಾಪನ್ನು ದಿಟ್ಟಿಸಬೇಕು. ಸುಮ್ಮನೆ ನಿಂತರೆ ಸಂಬಳ ಕೊಡುವವರಿಗೆ ಅನುಮಾನ ಬರುತ್ತದೆ. ಹುಬ್ಬು ಗಂಟಿಕ್ಕುವ ಈ ಕೆಲಸದಲ್ಲಿ ನಾನು ಸಾಕಷ್ಟು ಹೆಸರು ಮಾಡಿದ್ದೇನೆ.

ನಾನಿರುವುದು ಒಂದು ಟ್ರ್ಯಾಕ್ಟರ್ ಕಂಪನಿಯಲ್ಲಿ. ಹೆಸರು ಬೇಡ, ಇನ್ನೂ ಸಂಬಳ ಕೊಡುತ್ತಿದ್ದಾರೆ. ದೊಡ್ಡ ಕಚೇರಿ ಪುಣೆಯಲ್ಲಿ. ಬಳ್ಳಾರಿಯ ಶಾಖೆ ಎಂದರೆ ಒಂದು ಶೆಡ್ಡು, ಒಂದು ಕೂಲರು ಮತ್ತು ನಾನು. ಈಗಿನ ಟ್ರ್ಯಾಕ್ಟರಿಗೆ ಹಿಂದಿನ ಹಾಗೆ ಬರೀ ಹೊಟ್ಟೆಯಲ್ಲ, ತಲೆಯೂ ಇರುತ್ತದೆ. ಬಾನೆಟ್ಟಿನ ಕೆಳಗೆ ಒಂದು ಪುಟ್ಟ ಕಂಪ್ಯೂಟರು ಕೂತು, ಎಷ್ಟು ಡೀಸೆಲ್ ಬಿಡಬೇಕು, ಯಾವಾಗ ಬಿಡಬೇಕು ಎಂದು ಕ್ಷಣಕ್ಷಣಕ್ಕೂ ತೀರ್ಮಾನ ಮಾಡುತ್ತದೆ. ಅದನ್ನು ಇಸಿಯು ಎನ್ನುತ್ತಾರೆ. ಆ ತಲೆಗೆ ಬುದ್ಧಿ ಹೇಳುವುದು ನನ್ನ ಉದ್ಯೋಗ. ಕೆಸರಿನಲ್ಲಿ ಭಾರ ಬಿದ್ದಾಗ ಇಷ್ಟು ಬಿಡು, ರಸ್ತೆಯಲ್ಲಿ ಖಾಲಿ ಹೋಗುವಾಗ ಅಷ್ಟೇ ಬಿಡು, ಊರ ಮುಖಕ್ಕೆಲ್ಲ ಹೊಗೆ ಉಗುಳಬೇಡ ಎಂದು ಅಂಕಿಗಳಲ್ಲಿ ತಿದ್ದಿ ಹೇಳಬೇಕು. ಇದಕ್ಕೆ ಕ್ಯಾಲಿಬ್ರೇಶನ್ ಎಂಬ ಗಂಭೀರ ಹೆಸರಿದೆ. ಬಂಧುಬಳಗಕ್ಕೆ ಇದನ್ನು ವಿವರಿಸಲು ಹೋಗಿ ನಾನು ಎಷ್ಟೋ ಮದುವೆ ಮನೆಗಳಲ್ಲಿ ಸೋತಿದ್ದೇನೆ. ಕುರುಗೋಡಿನ ನನ್ನ ಸೋದರತ್ತೆ ಪಾಯಸ ಆರುವ ತನಕ ಎಲ್ಲ ಕೇಳಿಸಿಕೊಂಡು, “ಅಂದ್ರ ಗ್ಯಾರೇಜಿನ್ಯಾಗ ಅದಿ ಅನ್ನು. ಇರ್ಲಿ ಬಿಡವ್ವಾ, ಯಾವ ಕೆಲಸ ಆದ್ರೇನು, ಮೈ ಬಗ್ಗಿಸಿ ದುಡೀಬೇಕು” ಎಂದು ಸಮಾಧಾನ ಹೇಳಿದರು. ಅಂದಿನಿಂದ ನಾನು ಯಾರಿಗೂ ವಿವರಿಸಲು ಹೋಗಿಲ್ಲ.

ನನಗೂ ಆ ಇಸಿಯುಗೂ ನಡುವೆ ಮಾತುಕತೆ ನಡೆಯಲು ಒಬ್ಬ ದಲ್ಲಾಳಿ ಬೇಕು. ಅದೇ ಡಬ್ಬಿ. ಅದಕ್ಕೆ ಪುಣೆಯಲ್ಲಿ ಉದ್ದದ ಹೆಸರಿದೆ, ಆದರೆ ನೋಡಿದರೆ ಊಟದ ಡಬ್ಬಿಯಷ್ಟೇ ಇದೆ. ಬೆಲೆ ಮಾತ್ರ ಒಂದು ಕಾರಿನದು. ಒಂದು ಕಡೆ ಲ್ಯಾಪ್‌ಟಾಪಿನ ವೈರು, ಇನ್ನೊಂದು ಕಡೆ ಟ್ರ್ಯಾಕ್ಟರಿನ ತಲೆಯ ವೈರು, ಹಿಂದುಗಡೆ ಬ್ಯಾಟರಿಯಿಂದ ಕರೆಂಟು ಕುಡಿಯುವ ವೈರು. ನೆತ್ತಿಯ ಮೇಲೆ ಒಂದು ದೀಪ. ಹಸಿರು ಉರಿದರೆ ಡಬ್ಬಿ ಸುಖವಾಗಿದೆ. ಕೆಂಪು ಉರಿದರೆ ಮುನಿಸಿಕೊಂಡಿದೆ. ಯಾಕೆ ಎಂದು ಅದು ಹೇಳುವುದಿಲ್ಲ. ನಾವೇ ತಿಳಿದುಕೊಳ್ಳಬೇಕು, ತಿಳಿಯದಿದ್ದರೆ ಅದೂ ನಮ್ಮದೇ ತಪ್ಪು. ಈ ಸ್ವಭಾವ ನನಗೆ ಹೊಸದಲ್ಲ. ಬಳ್ಳಾರಿಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವ ನಮ್ಮ ಮನೆಯವರೂ ಹೀಗೆಯೇ. ಮುನಿಸಿಕೊಂಡಾಗ ಕಾರಣ ಕೇಳಲು ಹೋದರೆ ಇನ್ನಷ್ಟು ಕೆಂಪಾಗುತ್ತಾರೆ. ಊಟಕ್ಕೆ ಕರೆಯದೆ ಸ್ವಲ್ಪ ಹೊತ್ತು ಬಿಟ್ಟರೆ ತಾವಾಗಿಯೇ ಹಸಿರಾಗಿ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಡಬ್ಬಿಗೂ ಇದೇ ಚಿಕಿತ್ಸೆ. ಕರೆಂಟಿನ ವೈರು ಕಿತ್ತು, ದೀಪ ಪೂರ್ತಿ ಆರುವ ತನಕ ಕಾದು, ಮತ್ತೆ ಸಿಕ್ಕಿಸಬೇಕು. ಪೂರ್ತಿ ಆರುವ ಮೊದಲೇ ಕರುಣೆ ಬಂದು ಸಿಕ್ಕಿಸಿದಿರೋ, ಹಳೆಯ ಮುನಿಸನ್ನೇ ಹೊತ್ತುಕೊಂಡು ಎದ್ದು ಕೂರುತ್ತದೆ.

ಡಬ್ಬಿಯ ಜೊತೆ ಬಂದಿದ್ದ ಕರೆಂಟಿನ ವೈರನ್ನು ನಮ್ಮ ಶೆಡ್ಡಿನ ಇಲಿಗಳು ತಿಂದುಹಾಕಿದವು. ಹೊಸದು ಕಳಿಸಿ ಎಂದು ಪುಣೆಗೆ ಬರೆದೆ. ಸಾಕ್ಷಿಗೆ ಫೋಟೋ ಕೇಳಿದರು. ವೈರಿನ ಫೋಟೋ ಕಳಿಸಿದೆ. ಇಲಿಯದ್ದೂ ಬೇಕಿತ್ತೋ ಏನೋ, ಉತ್ತರ ಬರಲಿಲ್ಲ. ಕೊನೆಗೆ ಕೌಲ್ ಬಜಾರಿನಲ್ಲಿ ಆಟೋಗಳಿಗೆ ವೈರಿಂಗ್ ಮಾಡುವ ಖಾಜಾಸಾಬರ ಅಂಗಡಿಗೆ ಹೋದೆ. ಅವರು ಒಂದು ತುಂಡು ವೈರಿಗೆ ಫ್ಯೂಜು ಕೂಡಿಸಿ, ತುದಿಗೆ ಬ್ಯಾಟರಿಯನ್ನು ಕಚ್ಚಿ ಹಿಡಿಯುವ ಕ್ಲಿಪ್ಪು ಹಾಕಿಕೊಟ್ಟರು. ಆಮೇಲೆ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, “ಮೇಡಂ, ಇದರಾಗ ಹಾಡು ಬರ್ತಾವೇನ್ರಿ?” ಎಂದರು. ಇಲ್ಲ ಎಂದೆ. “ರೇಡಿಯೋ?” ಅದೂ ಇಲ್ಲ ಎಂದೆ. ಬೆಲೆ ಕೇಳಿದರು, ಹೇಳಿದೆ. “ಯಾ ಅಲ್ಲಾ! ಇಷ್ಟು ರೊಕ್ಕ ಕೊಟ್ಟು ಒಂದು ಹಾಡು ಬರಂಗಿಲ್ಲಂದ್ರ!” ಎಂದು ನಮ್ಮ ಕಂಪನಿಯ ಪರವಾಗಿ ಮನಸಾರೆ ಮರುಗಿದರು. ಕಂಪನಿಯ ಬಗ್ಗೆ ಅಷ್ಟು ಕಾಳಜಿ ತೋರಿಸಿದವರನ್ನು ನಾನು ಕಂಪನಿಯ ಒಳಗೂ ಕಂಡಿಲ್ಲ.

ಈಗ ಗಂಡನ ಮನೆಯ ವಿಷಯಕ್ಕೆ ಬರುತ್ತೇನೆ, ಎಲ್ಲ ಕಷ್ಟಗಳೂ ಕೊನೆಗೆ ಬಂದು ನಿಲ್ಲುವುದು ಅಲ್ಲಿಗೇ. ನಮ್ಮ ಮನೆಯವರ ಊರು ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿ. ಕಾಲುವೆ ನೀರಿನ ಊರು, ಭತ್ತದ ಊರು. ಆ ಕರಿಮಣ್ಣಿನ ಗದ್ದೆಗೆ ನೀರು ಬಿಟ್ಟು ಕೆಸರು ಮಾಡಿದರೆ, ಅದರಲ್ಲಿ ಕಳೆದುಕೊಂಡ ಚಪ್ಪಲಿ ಮರುವರ್ಷದ ನಾಟಿಗೆ ಸಿಗುತ್ತದೆ. ನಮ್ಮ ಕಂಪನಿಯ ಹೊಸ ಟ್ರ್ಯಾಕ್ಟರು ಬೇರೆಲ್ಲ ಕಡೆ ಕುದುರೆಯಂತೆ ಓಡಿ ಹೊಗಳಿಸಿಕೊಂಡು, ಈ ಕೆಸರಿಗೆ ಇಳಿದ ಕೂಡಲೇ ಕೆಮ್ಮಿ, ಕರಿ ಹೊಗೆ ಬಿಟ್ಟು, ಗದ್ದೆಯ ನಡುವೆ ಧ್ಯಾನಕ್ಕೆ ಕೂರುತ್ತಿತ್ತು. ಅದಕ್ಕೆ ಸಿರುಗುಪ್ಪದ ಕೆಸರಿನ ಪಾಠ ಕಲಿಸಬೇಕು ಎಂದು ಪುಣೆಯಿಂದ ಅಪ್ಪಣೆಯಾಯಿತು. ಆದರೆ ನಾಟಿಯ ಕಾಲದಲ್ಲಿ ತಮ್ಮ ಗದ್ದೆಯನ್ನು ಪ್ರಯೋಗಕ್ಕೆ ಕೊಡುವ ಪುಣ್ಯಾತ್ಮರು ಯಾರು? ನಮ್ಮ ಮಾವ ಪಂಪನಗೌಡರು ಕೊಟ್ಟರು. ಕೊಟ್ಟು ಸುಮ್ಮನಿದ್ದರೆ ಚೆನ್ನಾಗಿತ್ತು. ಬಸ್ ಸ್ಟ್ಯಾಂಡಿನ ಚಹಾದ ಹೋಟೆಲಿನಲ್ಲಿ ಕೂತು ಊರಿಗೆಲ್ಲ ಡಂಗುರ ಸಾರಿದರು. ನಮ್ಮ ಟ್ರ್ಯಾಕ್ಟರಿಗೆ ‘ಹೊಗಿಬಂಡಿ’ ಎಂದು ಹೆಸರಿಟ್ಟಿದ್ದವರು ಪಕ್ಕದ ಗದ್ದೆಯ ತಿಮ್ಮಾರೆಡ್ಡಿ. ಅವರ ಮುಂದೆಯೇ ಮಾವ, “ಏ ರೆಡ್ಡಿ, ನನ್ನ ಸೊಸಿ ಅದರ ತಲಿಯೊಳಗಿನ ಹುಳ ತಗದು ಹಾಕ್ತಾಳ, ನೋಡ್ತಿರು. ಪುಣೆ ಸಾಹೇಬ್ರು ಬರೋ ದಿನ ನೀನೂ ಬಾ” ಎಂದು ಕರೆದುಬಿಟ್ಟರು. ಹೀಗಾಗಿ ಸಾಹೇಬರು ಬರುವ ದಿನ ಟ್ರ್ಯಾಕ್ಟರು ನಿಂತರೆ ನನ್ನ ಕೆಲಸವಷ್ಟೇ ಅಲ್ಲ, ಆ ಹೋಟೆಲಿನ ಬೆಂಚಿನ ಮೇಲೆ ಮಾವನಿಗಿದ್ದ ಜಾಗವೂ ಹೋಗುವಂತಿತ್ತು. ನನ್ನ ಕೆಲಸಕ್ಕಿಂತ ಆ ಬೆಂಚಿನ ಚಿಂತೆಯೇ ನನಗೆ ಹೆಚ್ಚಾಗಿತ್ತು.

ಅತ್ತೆ ನೀಲಮ್ಮನವರ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಅವರ ಬಾಯಲ್ಲಿ ಕೆಟ್ಟ ಮಾತು ಬರುವುದಿಲ್ಲ. ಬೈಗುಳದ ವಿಷಯ ಹೇಳುತ್ತಿಲ್ಲ, ಅದರಲ್ಲಿ ಅವರು ಯಾರಿಗೂ ಕಡಿಮೆಯಿಲ್ಲ. ನಾನು ಹೇಳುತ್ತಿರುವುದು ಅಶುಭದ ಮಾತು. ಅವರ ಮನೆಯಲ್ಲಿ ಏನೂ ಒಡೆಯುವುದಿಲ್ಲ, ಏನೂ ತೀರುವುದಿಲ್ಲ. ಬಳೆ ಒಡೆದರೆ ‘ಬಳಿ ಹೆಚ್ಚಿದುವು’ ಎನ್ನುತ್ತಾರೆ. ಕುಂಕುಮ ಖಾಲಿಯಾದರೆ ‘ಕುಂಕುಮ ಹೆಚ್ಚೈತಿ’ ಎನ್ನುತ್ತಾರೆ. ನನ್ನ ತವರು ಕುರುಗೋಡು, ಅಪ್ಪ ಗಣಿತದ ಮಾಸ್ತರರು. ನಮ್ಮ ಮನೆಯಲ್ಲಿ ಸೊನ್ನೆ ಎಂದರೆ ಸೊನ್ನೆ. ಮದುವೆಯಾಗಿ ಹೋದ ಹೊಸದರಲ್ಲಿ ಅತ್ತೆ ಭರಣಿಯನ್ನು ನನ್ನ ಕೈಗೆ ಕೊಟ್ಟು, “ಕುಂಕುಮ ಹೆಚ್ಚೈತಿ ನೋಡವ್ವಾ” ಎಂದರು. ಹೆಚ್ಚಾಗಿದ್ದರೆ ನೆರೆಯವರಿಗೆ ಕೊಡುವುದು ಒಳ್ಳೆಯ ಸೊಸೆಯ ಲಕ್ಷಣ ಎಂದುಕೊಂಡು, ಮುಚ್ಚಳ ತೆಗೆದು ನೋಡುವ ಗೋಜಿಗೂ ಹೋಗದೆ, ಪಕ್ಕದ ಮನೆಗೆ ಓಡಿ, “ಅತ್ತಿ ಕೊಟ್ಟಾರ್ರಿ, ನಮ್ಮಲ್ಲಿ ಭಾಳ ಆಗೈತಂತ” ಎಂದು ಭರಣಿ ಮುಂದೆ ಹಿಡಿದೆ. ಖಾಲಿ ಭರಣಿ ಹಿಡಿದು ಹೊಸ್ತಿಲಲ್ಲಿ ನಿಂತ ಹೊಸ ಸೊಸೆಯನ್ನು ನೋಡಿದ ಆ ಮನೆಯವರು ಅದರ ಅರ್ಥ ಏನಿರಬಹುದೆಂದು ಬಹಳ ದಿನ ಚರ್ಚೆ ಮಾಡಿದರಂತೆ. ಆಮೇಲೆ ನಾನು ಅತ್ತೆಯ ಶಬ್ದಕೋಶವನ್ನು ಹಠ ಹಿಡಿದು ಕಲಿತೆ. ಈಗ ಆ ಭಾಷೆ ನನಗೆ ನೀರು ಕುಡಿದಷ್ಟು ಸಲೀಸು ಎಂದು ಬೀಗುತ್ತಲೂ ಇದ್ದೆ.

ಒಂದು ವಾರ ಹಚ್ಚೊಳ್ಳಿಯಲ್ಲಿ ಕೂತು ಟ್ರ್ಯಾಕ್ಟರಿಗೆ ಪಾಠ ಹೇಳಿದೆ. ಮಾವ ಗದ್ದೆಯಲ್ಲಿ ಓಡಿಸುವುದು, ನಾನು ಮಡ್‌ಗಾರ್ಡ್ ಮೇಲೆ ಕೂತು ತೊಡೆಯ ಮೇಲಿನ ಲ್ಯಾಪ್‌ಟಾಪಿನಲ್ಲಿ ಅಂಕಿ ತಿದ್ದುವುದು. ಅದು ಕೆಮ್ಮಿದಲ್ಲಿ ಸ್ವಲ್ಪ ಕಡಿಮೆ, ಸೋತಲ್ಲಿ ಸ್ವಲ್ಪ ಹೆಚ್ಚು. ಕೊನೆಯ ದಿನ ಮಧ್ಯಾಹ್ನ ಟ್ರ್ಯಾಕ್ಟರು ಆ ಕೆಸರಿನಲ್ಲಿ, ಹೊಗೆಯಿಲ್ಲದೆ, ಗೊಣಗದೆ, ಗದ್ದೆಯ ಈ ತುದಿಯಿಂದ ಆ ತುದಿಗೆ ಹೋಯಿತು. ಮಾವ ಸ್ಟೇರಿಂಗ್ ಬಿಟ್ಟು ನನ್ನ ಕಡೆ ತಿರುಗಿ ಕೈ ಮುಗಿದರು. ಅಂಥ ಖುಷಿ ನನಗೆ ಡಿಗ್ರಿ ಬಂದ ದಿನವೂ ಆಗಿರಲಿಲ್ಲ. ಆದರೆ ಒಂದು ಸಂಗತಿ ಇತ್ತು. ಹೀಗೆ ತಿದ್ದಿದ್ದೆಲ್ಲ ಸ್ಲೇಟಿನ ಮೇಲೆ ಬರೆದ ಹಾಗೆ, ಡಬ್ಬಿಯ ನೆನಪಿನಲ್ಲಿ ಮಾತ್ರ ಇರುತ್ತದೆ. ಡಬ್ಬಿಗೆ ಕರೆಂಟು ಇರುವ ತನಕ ಅಕ್ಷರ ಇರುತ್ತದೆ, ಹೋದರೆ ಸ್ಲೇಟು ಒರೆಸಿದಂತೆ. ಅದನ್ನು ಟ್ರ್ಯಾಕ್ಟರಿನ ತಲೆಯಲ್ಲಿ ಕಾಯಂ ಆಗಿ ಕೂರಿಸಲು ಪುಣೆಯ ಸಾಹೇಬರು ಕಣ್ಣಾರೆ ನೋಡಿ ಒಪ್ಪಬೇಕು. ಲ್ಯಾಪ್‌ಟಾಪಿನಲ್ಲಾದರೂ ಒಂದು ಪ್ರತಿ ಇಟ್ಟುಕೊಳ್ಳಬೇಕಿತ್ತು ಎಂದು ಬಲ್ಲವರು ಹೇಳುತ್ತಾರೆ. ಆ ಬಲ್ಲವರಲ್ಲಿ ನಾನೂ ಒಬ್ಬಳು. ಹೊಸಬರಿಗೆ ತರಬೇತಿ ಕೊಡುವಾಗ ಮೇಜು ಗುದ್ದಿ ಅದನ್ನೇ ಹೇಳುತ್ತೇನೆ. ಆದರೆ ಆ ಮಧ್ಯಾಹ್ನ ಲ್ಯಾಪ್‌ಟಾಪಿನ ಚಾರ್ಜ್ ಮುಗಿದಿತ್ತು, ಊರಲ್ಲಿ ಕರೆಂಟು ಇರಲಿಲ್ಲ, ಸಾಹೇಬರು ಸಂಜೆ ಬಳ್ಳಾರಿಗೆ ಬಂದಿಳಿಯುವವರಿದ್ದರು. ಅವರನ್ನು ಎದುರುಗೊಳ್ಳಲು ನಾನು ಹೊರಡಲೇಬೇಕಿತ್ತು. ಡಬ್ಬಿ ಹೇಗೂ ಬ್ಯಾಟರಿಗೆ ಕಚ್ಚಿಕೊಂಡಿದೆ, ಬೆಳಗಿನ ತನಕ ಆರಾಮಾಗಿ ಇರುತ್ತದೆ ಎಂದುಕೊಂಡೆ.

ಹೊರಡುವ ಮುಂಚೆ ಟ್ರ್ಯಾಕ್ಟರನ್ನು ಮನೆ ಮುಂದಿನ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿ, ಕಾವಲಿನ ವ್ಯವಸ್ಥೆ ಮಾಡಿದೆ. “ಮಾವಾರ, ಯಾರೂ ಕೀಲಿಗೆ ಕೈ ಹಚ್ಚಬಾರದ್ರಿ” ಎಂದೆ. “ನೀ ಹೇಳಿದ ಮ್ಯಾಲ ಮುಗೀತವ್ವಾ. ಕೀಲಿ ಮುಟ್ಟಿದವನ ಕೈ ಮುರೀತೀನಿ” ಎಂದರು ಮಾವ. ಅತ್ತೆಯನ್ನು ಡಬ್ಬಿಯ ಹತ್ತಿರ ಕರೆದು ತೋರಿಸಿದೆ.

“ಅತ್ತಿ, ಈ ಹಸಿರು ದೀಪ ಐತಲ್ರಿ, ನಾಳೆ ನಾ ಬರೋತನಕ ಇದು ಆರಬಾರದು ನೋಡ್ರಿ.”

“ಬಿಡ್ತು ಅನ್ನು! ಹೊರಡೋ ವ್ಯಾಳ್ಯಾದಾಗ ಎಂಥಾ ಮಾತವ್ವಾ!”

“ಬಿಡ್ತು, ಬಿಡ್ತು. ಬ್ಯಾಟರಿ ಸೋತ್ರ ದೀಪ ಸಣ್ಣಗಾಗ್ತೈತಿ. ಸಣ್ಣಗಾತು ಅಂದ್ರ ನನಗ ಕೂಡ್ಲೇ ಫೋನ್ ಮಾಡ್ರಿ.”

“ಎಣ್ಣಿ ಗಿಣ್ಣಿ ಹಾಕಬೇಕೇನು?”

“ಎಣ್ಣಿ ಬ್ಯಾಡ್ರಿ ಅತ್ತಿ! ಬರೇ ನೋಡ್ಕೋಂತ ಇರ್ರಿ, ಸಾಕು.”

ಬಳ್ಳಾರಿಯ ಹೋಟೆಲಿನಲ್ಲಿ ಸಾಹೇಬರು ಸಕ್ಕರೆಯಿಲ್ಲದ ಚಹಾ ಕುಡಿಯುತ್ತ, ಈ ಊರಿನಲ್ಲಿ ಸಂಜೆಯೂ ಇಷ್ಟೇ ಸೆಕೆಯೇ ಎಂದು ನನ್ನನ್ನು ವಿಚಾರಿಸುತ್ತಿದ್ದರು, ಸೆಕೆಯ ಉಸ್ತುವಾರಿಯೂ ನನ್ನದೇ ಎಂಬಂತೆ. ಆಗ ಫೋನು ಬಂತು. ಅತ್ತೆಯದು.

“ಯವ್ವಾ, ನಿನ್ನ ಡಬ್ಬಿ ದೀಪ ದೊಡ್ಡದಾತು ನೋಡು.”

ಸಣ್ಣಗಾದರೆ ಹೇಳಿ ಎಂದಿದ್ದೆ, ದೊಡ್ಡದಾಗಿದೆ ಎನ್ನುತ್ತಿದ್ದಾರೆ. ಅಂದರೆ ಬ್ಯಾಟರಿ ಗಟ್ಟಿಮುಟ್ಟಾಗಿದೆ. “ಭಾಳ ಚಲೋ ಆತು ಬಿಡ್ರಿ ಅತ್ತಿ!” ಎಂದೆ.

“ಚಲೋ ಆತಾ? ಹಂಗಾಗಬಾರದು ಅಂದಿದ್ದೆಲ್ಲಾ?”

“ಸಣ್ಣಗಾಗಬಾರದು ಅಂದಿದ್ದೆ. ದೊಡ್ಡದಾದಷ್ಟೂ ಚಲೋ. ಹಂಗೇ ಇರ್ಲಿ, ಯಾರೂ ಮುಟ್ಟಬ್ಯಾಡ್ರಿ.”

“ಏನೋ ಯವ್ವಾ, ನಿಮ್ಮ ಓದು ನಮಗ ತಿಳಿಯಂಗಿಲ್ಲ. ಆತು, ಒಂದು ಬೆಕ್ಕು ಸೈತ ಹತ್ರ ಬಿಡಂಗಿಲ್ಲ.”

ಫೋನಿಟ್ಟು ಸಾಹೇಬರಿಗೆ ಹೆಮ್ಮೆಯಿಂದ ಹೇಳಿದೆ, ಡಬ್ಬಿಯ ಸ್ಥಿತಿಗತಿ ನನಗೆ ಹೊತ್ತುಹೊತ್ತಿಗೆ ತಲುಪುತ್ತಿದೆ ಎಂದು. “ರಿಮೋಟ್ ಮಾನಿಟರಿಂಗ್! ವೆರಿ ಗುಡ್” ಎಂದು ಅವರು ಮೆಚ್ಚಿದರು. ಆ ರಾತ್ರಿ ನಾನು ಬಹಳ ನೆಮ್ಮದಿಯಿಂದ ಮಲಗಿದೆ ಎಂದು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಬೆಳಿಗ್ಗೆ ಜೀಪಿನಲ್ಲಿ ಹೊರಟೆವು. ದಾರಿಯಲ್ಲಿ ತೆಕ್ಕಲಕೋಟೆಯಲ್ಲಿ ನಿಲ್ಲಿಸಿ ಸಾಹೇಬರಿಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕೊಡಿಸಿದೆ. ಮೊದಲ ಮಿರ್ಚಿಗೇ ಅವರ ಮುಖದ ದೀಪ ಕೆಂಪಾಯಿತು. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟೆ, ಸರಿಹೋದರು. ಹಚ್ಚೊಳ್ಳಿ ಮುಟ್ಟಿದಾಗ ಶೆಡ್ಡಿನ ಮುಂದೆ ಜನ ಸೇರಿತ್ತು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದರು. ತಿಮ್ಮಾರೆಡ್ಡಿ ಮೂಲೆಯಲ್ಲಿ ಎಲೆ ಅಡಿಕೆ ಹಾಕುತ್ತ ಕಾಯುತ್ತಿದ್ದರು. ಟ್ರ್ಯಾಕ್ಟರಿನ ಮೇಲೆ ಡಬ್ಬಿ ಇಟ್ಟಲ್ಲೇ ಇತ್ತು. ಮೇಲೆ ಶುಭ್ರವಾದ ಒಗೆದ ಬಟ್ಟೆ ಹೊದಿಸಿತ್ತು. ಬಟ್ಟೆ ತೆಗೆದೆ. ಡಬ್ಬಿಗೆ ಅಡ್ಡಲಾಗಿ ವಿಭೂತಿ ಹಚ್ಚಿ, ಒಂದು ಸೇವಂತಿಗೆ ಹೂ ಇಟ್ಟಿದ್ದರು. ದೀಪ ಮಾತ್ರ ಇರಲಿಲ್ಲ.

“ಅತ್ತಿ, ದೀಪ?”

“ನಿನ್ನೆನ ಹೇಳಿದ್ನೆಲ್ಲವ್ವಾ ದೊಡ್ಡದಾತಂತ. ನೀನ ಚಲೋ ಆತು, ಹಂಗೇ ಇರ್ಲಿ ಅಂದಿ.”

ಈ ಮನೆಯ ದೇವರ ಜಗುಲಿಯ ಮುಂದೆ ಪೂಜೆ ಮುಗಿದ ಮೇಲೆ ಅತ್ತೆ ದಿನಾ ಹೇಳುವ ಮಾತಲ್ಲವೇ ಅದು! ‘ದೀಪ ಆರಿಸು’ ಎನ್ನಬಾರದು, ‘ದೀಪ ದೊಡ್ಡದು ಮಾಡು’ ಎನ್ನಬೇಕು. ಅವರು ಹೇಳಿ, ನಾನೇ ಕೈಯಾರೆ ಎಷ್ಟು ಸಲ ದೊಡ್ಡದು ಮಾಡಿದ್ದೇನೋ. ಜಗುಲಿಯ ಮುಂದೆ ತಟ್ಟನೆ ತಿಳಿಯುವ ಮಾತು ಟ್ರ್ಯಾಕ್ಟರಿನ ಮೇಲೆ ತಿಳಿಯಲಿಲ್ಲ. ಅತ್ತೆಯ ತವರು ಆದೋನಿ ಕಡೆಯದು. ಅಲ್ಲಿಯವರ ಹಾಗೆ ತೆಲುಗಿನಲ್ಲಿ ‘ದೀಪಂ ಕೊಂಡೆಕ್ಕಿಂದಿ’ ಎಂದಿದ್ದರೂ, ದೀಪ ಯಾವ ಬೆಟ್ಟ ಹತ್ತಿತು ಎಂದಾದರೂ ಕೇಳುತ್ತಿದ್ದೆ. ಅತ್ತೆ ನಾನು ಹೇಳಿದಂತೆಯೇ ಕಾವಲು ಕೂತು, ದೀಪ ಆರಿದ ಕ್ಷಣವೇ ನನಗೆ ತಿಳಿಸಿದ್ದರು. ನಾನು ಭಾಳ ಚಲೋ ಆತು ಎಂದು ಆಶೀರ್ವಾದ ಮಾಡಿದ್ದೆ.

“ಆದ್ರ ಕೀಲಿ ಯಾರು ಮುಟ್ಟಿದ್ರು?” ಎಂದೆ. ಮಾವನಿಗೆ ಸಿಟ್ಟು ಬಂತು. “ಕೀಲಿ ಯಾಕ ಮುಟ್ಲಿ? ನೋಡು, ಹೆಂಗಿತ್ತು ಹಂಗ ಐತಿ. ಈ ಕಡೆ ಬ್ಯಾಟರಿ ಕಳ್ರು ಭಾಳ, ನಿನ್ನೆ ರಾತ್ರಿ ನೀನೂ ಇರಲಿಲ್ಲ ಅಂತ ಸಂಜಿಮುಂದ ಬ್ಯಾಟರಿ ಬಿಚ್ಚಿ ಮನಿಯೊಳಗ ಇಟ್ಟಿದ್ದೆ, ಮುಂಜಾನೆ ಮತ್ತ ಕೂಡ್ಸೀನಿ.” ಖಾಜಾಸಾಬರ ಕ್ಲಿಪ್ಪುಗಳನ್ನೂ ಬಿಚ್ಚಿ, ಜೋಪಾನವಾಗಿ ಸುತ್ತಿ, ಗೂಟಕ್ಕೆ ನೇತುಹಾಕಿದ್ದರು. ನಾನು ಕೀಲಿ ಮುಟ್ಟಬೇಡಿ ಎಂದಿದ್ದೆ. ಅವರು ಮುಟ್ಟಿರಲಿಲ್ಲ. ಯಾರ ಮೇಲೆ ಸಿಟ್ಟು ಮಾಡುವುದು?

ಇನ್ನು ಉಳಿದದ್ದು ನನ್ನ ವಿದ್ಯೆ. ವೈರು ಸಿಕ್ಕಿಸಿದೆ. ಡಬ್ಬಿ ಕೆಂಪಾಗಿ ಎದ್ದಿತು. ಕಿತ್ತೆ, ಕಾದೆ, ಹುಬ್ಬು ಗಂಟಿಕ್ಕಿದೆ. ಸಾಹೇಬರು ಹತ್ತಿರ ಬಂದು ನನ್ನ ಹುಬ್ಬುಗಳನ್ನು ನೋಡಿ ಗೌರವದಿಂದ ಹಿಂದೆ ಸರಿದರು. ಮತ್ತೆ ಸಿಕ್ಕಿಸಿದೆ, ಹಸಿರು ಬಂತು. ಆದರೆ ಸ್ಲೇಟು ಸ್ವಚ್ಛವಾಗಿತ್ತು. ಲ್ಯಾಪ್‌ಟಾಪಿನಲ್ಲಿ ಇದ್ದದ್ದು ವಾರದ ಮೊದಲಿನ ಒಂದು ಪ್ರತಿ. ಕೆಮ್ಮುವ, ಹೊಗೆ ಬಿಡುವ ಹಳೆಯ ಟ್ರ್ಯಾಕ್ಟರಿನದು. ಸ್ವಲ್ಪ ತಡೆಯಿರಿ ಎಂದು ಹೇಳಬೇಕು ಎನ್ನುವಷ್ಟರಲ್ಲಿ ಮಾವ ಮೇಲೆ ಹತ್ತಿ ಸ್ಟಾರ್ಟ್ ಮಾಡಿ, ಜನರ ಮೆರವಣಿಗೆಯೊಡನೆ ಗದ್ದೆಯ ಕಡೆ ಹೊರಟೇಬಿಟ್ಟರು. ನಾನು ಹಿಂದೆ ಹಿಂದೆ ಓಡಿದೆ.

ಗದ್ದೆಯ ನಡುವಿನ ತನಕ ಚೆನ್ನಾಗಿಯೇ ಹೋಯಿತು. ಆಮೇಲೆ ಒಮ್ಮೆ ಗುಡುಗಿ, ಆಕಾಶದ ತುಂಬ ಕರಿ ಹೊಗೆ ಬಿಟ್ಟು, ನಿಂತಿತು. ಬದುವಿನ ಮೇಲಿದ್ದ ಬೆಳ್ಳಕ್ಕಿಗಳು ಎದ್ದು ಹಾರಿಹೋದವು. ಅವಕ್ಕಿದ್ದ ಭಾಗ್ಯ ನನಗಿರಲಿಲ್ಲ. “ಏನ್ ಗೌಡ್ರೇ, ಹುಳ ಹಂಗೇ ಐತಲ್ಲ?” ಎಂದು ತಿಮ್ಮಾರೆಡ್ಡಿ ಎಲ್ಲರಿಗೂ ಕೇಳುವಂತೆ ಕೂಗಿದರು. ಜನ ನಕ್ಕರು. ಸಾಹೇಬರು ನನ್ನ ಕಿವಿಯ ಹತ್ತಿರ ಬಗ್ಗಿ, ಇಂಗ್ಲಿಷಿನಲ್ಲಿ, ಗುಟ್ಟು ಹೇಳುವವರಂತೆ ಕೇಳಿದರು: “ಆಫ್ ಮಾಡಿ ಆನ್ ಮಾಡಿ ನೋಡಿದಿರಾ?” ನನಗೆ ಅಳು ಬಂತು. ಸುಮ್ಮನೆ ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಅಳು ಬಂತು. ಮೊಣಕಾಲು ಮಟ್ಟ ಕೆಸರಿನಲ್ಲಿ ಇಳಿದು ನಿಂತಿದ್ದ ಮಾವನ ಇಸ್ತ್ರಿ ಅಂಗಿಯನ್ನು ನೋಡಲು ನನಗೆ ಧೈರ್ಯವಾಗಲಿಲ್ಲ.

ಮಾವ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಬದುವಿನ ಕಡೆ ತಿರುಗಿ, ಚಹಾದ ಹೋಟೆಲಿನ ಗಂಟಲಿನಲ್ಲಿ ಕೂಗಿದರು. “ಏ ರೆಡ್ಡಿ, ಗಡಬಡ ಮಾಡಬ್ಯಾಡ! ಇದು ಮೊದ್ಲು ಹೆಂಗಿತ್ತು ಅಂತ ತೋರ್ಸಿದ್ದು. ನನ್ನ ಸೊಸಿ ಬೇಕಂತ ಹಳೇದು ಹಾಕ್ಯಾಳ. ರೋಗ ಕಣ್ಣಿಲೆ ಕಾಣದಿದ್ರ ಔಷಧದ ಗುಣ ನಿನಗೆಂಗ ತಿಳೀತೈತಿ? ಮನಿಗೆ ಹೋಗಿ ಉಂಡು ಬಾ, ಮಧ್ಯಾಹ್ನ ಐತಿ ಆಟ!”

ಸಾಹೇಬರು ಏನಂತೆ ಎಂದು ಕೇಳಿದರು. ಹೇಳಿದೆ. ಮಾವ ಹೇಳಿದ್ದನ್ನು ಅನುವಾದ ಮಾಡುವುದಷ್ಟೇ ನನ್ನ ಕೆಲಸ, ಅದು ನಿಜವೇ ಎಂದು ಅವರು ಕೇಳಲಿಲ್ಲ. ಕೇಳುವ ಬದಲು ನನ್ನ ಕೈ ಹಿಡಿದು ಕುಲುಕಿದರು. ಎಲ್ಲರೂ ಗೆದ್ದದ್ದನ್ನು ಮಾತ್ರ ತೋರಿಸುತ್ತಾರೆ, ಮೊದಲಿನ ಸ್ಥಿತಿಯನ್ನು ಎದುರಿಗೆ ತೋರಿಸುವ ಪ್ರಾಮಾಣಿಕತೆ ಎಷ್ಟು ಜನರಿಗಿದೆ ಎಂದರು. ನಾನು ನೆಲ ನೋಡಿದೆ. ಅದನ್ನೂ ಅವರು ವಿನಯವೆಂದು ತಿಳಿದರು.

ಅಷ್ಟರಲ್ಲಿ ಅತ್ತೆ ಸಾಹೇಬರನ್ನು ಊಟಕ್ಕೆ ಕರೆದುಕೊಂಡು ಹೋದರು. ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಚಟ್ನಿ. ಸಾಕು ಎಂಬ ಮಾತು ಅತ್ತೆಗೆ ಯಾವ ಭಾಷೆಯಲ್ಲೂ ಅರ್ಥವಾಗುವುದಿಲ್ಲ. ಆ ದಿನ ಅದರಿಂದ ನನಗೆ ಬಹಳ ಉಪಕಾರವಾಯಿತು. ಇತ್ತ ನಾನು ಮಡ್‌ಗಾರ್ಡ್ ಮೇಲೆ ಕೂತು ವಾರದ ಪಾಠವನ್ನೆಲ್ಲ ನೆನಪಿನಿಂದ ಮತ್ತೆ ಬರೆದೆ. ನೆನಪಿದ್ದ ಅಂಕಿಗಳನ್ನು ಹಾಕಿದೆ. ನೆನಪಿಲ್ಲದ ಕಡೆ, “ಮಾವಾರ, ಇಲ್ಲಿ ನಿನ್ನೆ ಹೆಂಗಿತ್ರಿ?” ಎಂದರೆ, “ಇನ್ನೂ ಸ್ವಲ್ಪ ಗಟ್ಟಿ ಎಳೀತಿತ್ತು” ಎನ್ನುವರು. ಸ್ವಲ್ಪ ಏರಿಸುವೆ. “ಈಗ ಹೊಗಿ ಬಂತು” ಎನ್ನುವರು, ಇಳಿಸುವೆ. ಸಾಹೇಬರು ಹೊಟ್ಟೆ ಹಿಡಿದುಕೊಂಡು ಬದುವಿಗೆ ಬರುವ ಹೊತ್ತಿಗೆ ಟ್ರ್ಯಾಕ್ಟರು ಗದ್ದೆಯನ್ನು ದಾಟಿತು. ಹೊಗೆ ಪೂರ್ತಿ ಹೋಗಿರಲಿಲ್ಲ, ಆದರೆ ಎಲ್ಲೂ ನಿಲ್ಲಲಿಲ್ಲ. ತಿಮ್ಮಾರೆಡ್ಡಿ ಬಹಳ ಹೊತ್ತು ನೋಡಿ, ಎಲೆ ಅಡಿಕೆ ಉಗಿದು, “ಅಡ್ಡಿಯಿಲ್ಲ” ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿಲ್ಲವಂತೆ. ಸಾಹೇಬರು ಅಲ್ಲೇ ಒಪ್ಪಿಗೆ ಕೊಟ್ಟರು. ಈ ಸಲ ಎಲ್ಲರ ಎದುರಿಗೇ ಕಾಯಂ ಮಾಡಿ, ಲ್ಯಾಪ್‌ಟಾಪಿನಲ್ಲಿ ಪ್ರತಿಯ ಮೇಲೆ ಪ್ರತಿ ಇಟ್ಟುಕೊಂಡೆ.

ಸಂಜೆ ಮಾವನ ಹತ್ತಿರ ಹೋಗಿ, “ನನ್ನ ಸಲುವಾಗಿ ಅಷ್ಟು ಮಂದಿ ಮುಂದ ಸುಳ್ಳು ಹೇಳಬೇಕಾತಲ್ರಿ” ಎಂದೆ. ಅವರು ಕಾಲಿನ ಕೆಸರು ತೊಳೆಯುತ್ತ, “ಸುಳ್ಳು ಎಲ್ಲಿ ಬಂತವ್ವಾ? ನೀ ಮಾಡ್ತಿ ಅಂತ ಗೊತ್ತಿತ್ತು. ಸ್ವಲ್ಪ ಹೊತ್ತು ಬೇಕಾಗಿತ್ತು, ಅಷ್ಟ” ಎಂದು ಟವೆಲು ಹೆಗಲಿಗೆ ಹಾಕಿಕೊಂಡು ಹೋಟೆಲಿನ ಕಡೆ ಹೊರಟರು. ಆ ದಿನ ಊಟಕ್ಕೆ ಅವರನ್ನು ಬೆಂಚಿನಿಂದ ಎಬ್ಬಿಸಿ ತರಬೇಕಾಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಪುಣೆಯವರಿಗೆ ಒಳ್ಳೆಯದನ್ನು ಹಾಗೇ ಬಿಟ್ಟು ಅಭ್ಯಾಸವಿಲ್ಲ. ಇನ್ನು ಮುಂದೆ ಎಲ್ಲ ಗದ್ದೆ ಪ್ರಯೋಗಗಳಲ್ಲೂ ಹಿಂದಿನ ಸಂಜೆ ಡಬ್ಬಿಯ ಕರೆಂಟು ಕಿತ್ತು, ಮರುದಿನ ಮೊದಲಿನ ಸ್ಥಿತಿಯನ್ನು ತೋರಿಸಿಯೇ ಮುಂದುವರಿಯಬೇಕು ಎಂದು ಸುತ್ತೋಲೆ ಹೊರಟಿತು. ಬೇರೆ ರಾಜ್ಯಗಳಲ್ಲಿ ನನ್ನ ಸಹೋದ್ಯೋಗಿಗಳು ಈಗ ಗದ್ದೆಯ ನಡುವೆ ಟ್ರ್ಯಾಕ್ಟರು ಶಾಸ್ತ್ರೋಕ್ತವಾಗಿ ನಿಲ್ಲಿಸಿ, ಜನರಿಂದ ನಗಿಸಿಕೊಂಡು, ನನ್ನನ್ನು ಶಪಿಸುತ್ತಿದ್ದಾರೆ. ಅದರ ಬೆನ್ನಿಗೇ ಸಾಹೇಬರ ಫೋನು: ಇಷ್ಟು ಮುಂದಾಲೋಚನೆ ಇರುವವರು ಕೆಸರಿನಲ್ಲಿ ಕೂರಬಾರದು, ನಿಮ್ಮ ಹುದ್ದೆ ದೊಡ್ಡದು ಮಾಡಿದ್ದೇವೆ. ಖುಷಿಯ ಭರದಲ್ಲಿ ಹಚ್ಚೊಳ್ಳಿಗೆ ಫೋನ್ ಮಾಡಿ ಅದೇ ಮಾತು ಒದರಿಬಿಟ್ಟೆ: “ಅತ್ತಿ, ನನ್ನ ಕೆಲಸ ದೊಡ್ಡದು ಮಾಡ್ಯಾರ್ರಿ!”

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು. “ಅಯ್ಯ ಶಿವನೇ! ಆ ಡಬ್ಬಿ ಸಲುವಾಗೇ ಏನವ್ವಾ? ನಾನು ಇನ್ನೊಂದು ಮಾತು ಬಿಡಿಸಿ ಹೇಳಬೇಕಾಗಿತ್ತು. ಇರ್ಲಿ, ಮನಸಿಗೆ ಹಚ್ಕಬ್ಯಾಡ. ಮನಿ ಐತಿ, ಹೊಲ ಐತಿ, ನಾವು ಅದೀವಿ. ನಾಳಿ ಬಸ್ಸಿಗೆ ಬಂದ್ಬಿಡು.”

ನಾನು ನಕ್ಕು ನಕ್ಕು ವಿವರಿಸಿದೆ. ಬಡ್ತಿ ಕೊಟ್ಟಿದ್ದಾರೆ, ಸಂಬಳ ಏರಿಸಿದ್ದಾರೆ, ಕೂಲರಿನ ಬದಲು ಎಸಿ ಹಾಕಿಸಿದ್ದಾರೆ ಎಂದೆ. ಅತ್ತೆ ನಿಧಾನಕ್ಕೆ ಒಂದೊಂದೇ ಕೇಳಿದರು. “ಹಂಗಾರ ಇನ್ ಮ್ಯಾಲ ಟ್ರ್ಯಾಕ್ಟರ್ ಮ್ಯಾಲ ಕೂಡಂಗಿಲ್ಲಾ?” ಇಲ್ಲ ಎಂದೆ, ಮೀಟಿಂಗಿನಲ್ಲಿ ಕೂರುತ್ತೇನೆ. “ಗದ್ದಿಗೆ ಇಳಿಯಂಗಿಲ್ಲಾ?” ಇಲ್ಲ. “ಆ ಡಬ್ಬಿ?” ಅದನ್ನು ಬೇರೆಯವರಿಗೆ ಕೊಟ್ಟಿದ್ದಾರೆ.

“ಮತ್ತ ನಾ ತಿಳಕಂಡಿದ್ದ ಖರೆ ಆತಲ್ಲವ್ವಾ,” ಎಂದರು ಅತ್ತೆ.

ಈಗ ಎಸಿ ಕೋಣೆಯಲ್ಲಿ ಕೂತು, ಪರದೆಯ ಮೇಲೆ ಪುಣೆಯವರ ಮುಖಗಳನ್ನು ನೋಡುತ್ತಿರುತ್ತೇನೆ. ಒಂದು ಅಂಕಿ ತಿದ್ದಿ ಬಹಳ ದಿನವಾಯಿತು. ಹುಬ್ಬು ಮಾತ್ರ ಗಂಟಿಕ್ಕಿಕೊಂಡೇ ಇದೆ, ಕೈ ಗದ್ದದ ಮೇಲೇ ಇದೆ. ನನ್ನ ವೈರನ್ನು ಯಾರೋ ಕಿತ್ತಿದ್ದಾರೆ. ಸ್ವಲ್ಪ ಹೊತ್ತಾದ ಮೇಲೆ ಬಂದು ಮತ್ತೆ ಸಿಕ್ಕಿಸುತ್ತಾರೆ ಎಂದು ಕಾಯುತ್ತಿದ್ದೇನೆ.